ಎರಡು ಬೆರಳು ಉಸಿರಿಗೆ

ನನ್ನ ಮಾವ ಮೂವತ್ತೊಂದು ವರ್ಷ ರೈಫಲ್ ಕ್ಲಬ್ಬಿನಲ್ಲಿ ಕೆಲಸ ಮಾಡಿದರು, ಒಂದೇ ಒಂದು ಗುಂಡು ಹಾರಿಸಲಿಲ್ಲ. ತಾವು ಹಾರಿಸುವ ಮಾತಿರಲಿ, ಬೇರೆ ಯಾರಾದರೂ ಹಾರಿಸಿದರೂ ಕಣ್ಣು ಮುಚ್ಚಿ ಹೆಗಲು ಕುಗ್ಗಿಸಿಬಿಡುತ್ತಾರೆ. ಕಿವಿಯಲ್ಲಿ ಸದಾ ಹತ್ತಿ. ಆ ಹತ್ತಿಯ ದೆಸೆಯಿಂದ ಅತ್ತೆ ಆಡಿದ ಅರ್ಧ ಮಾತು ಅವರಿಗೆ ಕೇಳಿಸಿಯೇ ಇಲ್ಲ. ಅವರ ಸಂಸಾರ ಸುಖವಾಗಿ ನಡೆದದ್ದೇ ಅದರಿಂದ ಎಂದು ನನ್ನ ಅನುಮಾನ.

ಅವರು ಬಡಗಿ. ಕ್ಲಬ್ಬಿನಲ್ಲಿ ಶೂಟಿಂಗಿಗೆ ಎಂಟು ಬೆಂಚುಗಳಿದ್ದವು, ಎಂಟನ್ನೂ ಮಾಡಿದವರು ಅವರೇ, ನೋಡಿಕೊಳ್ಳುವವರೂ ಅವರೇ. ಬೆಂಚು ಎಂದರೆ ಕೂರುವ ಬೆಂಚಲ್ಲ, ಎದೆಮಟ್ಟದ ದಪ್ಪ ಮೇಜು. ಅದರ ಹಿಂದೆ ಸ್ಟೂಲಿನ ಮೇಲೆ ಕೂತು, ಬಂದೂಕನ್ನು ಮೇಜಿನ ಮೇಲಿಟ್ಟು, ನೂರು ಗಜ ಆಚೆಯ ಕಾಗದಕ್ಕೆ ಐದು ಗುಂಡು ಹೊಡೆಯಬೇಕು. ಐದೂ ಒಂದೇ ತೂತಿನಲ್ಲಿ ಹೋದರೆ ಅವನು ಗಂಡಸು. ಬಂದೂಕಿನ ಮೂತಿಯ ಕೆಳಗೆ ಕಬ್ಬಿಣದ ಒಂದು ಮುಕ್ಕಾಲಿ, ಅದಕ್ಕೆ ರೆಸ್ಟ್ ಎನ್ನುತ್ತಾರೆ. ಹಿಂಬದಿಗೆ ಚರ್ಮದ ಮರಳುಚೀಲ. ಮುಕ್ಕಾಲಿ ಇಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೆ ಗುಂಡು ಅಲ್ಲಿ ಬೆರಳಗಲ ಆಚೆ ಬೀಳುತ್ತದೆ. ಆ ಮುಕ್ಕಾಲಿ ಅಲ್ಲಾಡದಂತೆ ನೋಡಿಕೊಳ್ಳುವುದೇ ಮಾವನ ಉದ್ಯೋಗ, ಜೀವನ, ಜಪ ಎಲ್ಲ.

ಹಾಗೆಂದು ಅವರ ಮನೆಯ ಊಟದ ಮೇಜು ನೋಡಬೇಕು. ಮದುವೆಯಾದ ವರ್ಷದಿಂದ ಅಲ್ಲಾಡುತ್ತಿದೆ. ಒಂದು ಕಡೆ ಮೊಣಕೈ ಊರಿದರೆ ಇನ್ನೊಂದು ಕಡೆಯವರ ಸಾರು ಚೆಲ್ಲುತ್ತದೆ. 'ಊರವರ ಬಂದೂಕಿಗೆಲ್ಲ ಬೆಣೆ ಹೊಡೀತೀರಾ, ಮನೆ ಮೇಜಿಗೆ ಒಂದು ಬೆಣೆ ಹೊಡೆಯೋಕೆ ಯಾವ ರೋಗ?' ಎಂದು ಅತ್ತೆ ದಿನಕ್ಕೊಮ್ಮೆ ಕೇಳುವರು. ಮಾವ ಕಿವಿಯ ಹತ್ತಿಯನ್ನು ಸರಿಮಾಡಿಕೊಳ್ಳುವರು.

ನಾನು ಅದೇ ಕ್ಲಬ್ಬಿನ ಗುಮಾಸ್ತ. ಕಾಗದದ ಮೇಲೆ ಬಿದ್ದ ತೂತುಗಳ ನಡುವಿನ ಅಂತರವನ್ನು ಕ್ಯಾಲಿಪರ್ ಹಿಡಿದು ಅಳೆಯುವುದು ನನ್ನ ಕೆಲಸ. ಬೇರೆಯವರು ಮಾಡಿದ ತೂತು ಅಳೆದು ಹೊಟ್ಟೆ ಹೊರೆಯುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಮಾವ ಕೊಟ್ಟರು. ಬೇರೆ ಗಂಡು ಹುಡುಕಲು ರಜ ಸಿಗಲಿಲ್ಲ, ಅದಕ್ಕೇ ಕೊಟ್ಟೆವು ಎಂದು ಅತ್ತೆ ಈಗಲೂ ಹೇಳುತ್ತಾರೆ.

ಮಾವ-ಅತ್ತೆ ಇದ್ದದ್ದು ಗುಂಡು ಹೊಡೆಯುವ ರೇಂಜಿನ ಹಿಂದಿನ ಒಂದು ಕೊಠಡಿ, ಒಂದು ಅಡುಗೆಮನೆಯಲ್ಲಿ. ಕ್ಲಬ್ಬಿನದು. ಬಡಗಿಯ ಕೆಲಸ ಇರುವ ತನಕ ಕೊಠಡಿ. ಮಾವ ಅದಕ್ಕೆ ತಾವೇ ಕಿಟಕಿ ಇಟ್ಟಿದ್ದರು, ಕಪಾಟು ಕೂರಿಸಿದ್ದರು, ಹೊರಗೆ ಬಟ್ಟೆ ಒಗೆಯಲು ಕಲ್ಲು ಹಾಕಿದ್ದರು. ಮಗಳು, ಅಂದರೆ ನನ್ನ ಹೆಂಡತಿ, ಹುಟ್ಟಿದ್ದು ಅಲ್ಲೇ. ಆ ಕೊಠಡಿ ಹೋದರೆ ಅವರಿಗೆ ಬೇರೆ ನೆಲೆ ಎಂದರೆ ನಮ್ಮ ಒಂದೂವರೆ ಕೋಣೆಯ ಮನೆ. ಮಾವ ಬಂದರೆ ಜೊತೆಗೆ ಎಪ್ಪತ್ತು ಉಳಿ, ಒಂಬತ್ತು ಗರಗಸ ಬರುತ್ತವೆ. ಅತ್ತೆ ಬಂದರೆ ಅತ್ತೆ ಬರುತ್ತಾರೆ. ಆದ್ದರಿಂದ ಮಾವನ ಕೆಲಸ ಉಳಿಯಬೇಕೆಂದು ಅವರಿಗಿಂತ ಹೆಚ್ಚಾಗಿ ಹಾರೈಸಿದವನು ನಾನು.

ಕೆಲಸಕ್ಕೆ ಕುತ್ತು ತಂದವರು ನಮ್ಮ ಅಧ್ಯಕ್ಷರು. ಬಿಸ್ಕತ್ತು ಕಾರ್ಖಾನೆಯ ಮಾಲೀಕರು. ತಮ್ಮ ಮಾಲಿನ ರುಚಿಯನ್ನು ತಾವೇ ನೋಡಬೇಕೆಂಬ ನಿಯತ್ತಿನ ಮನುಷ್ಯ, ಹಾಗಾಗಿ ಅವರ ಹೊಟ್ಟೆ ಅವರಿಗಿಂತ ಎರಡು ಹೆಜ್ಜೆ ಮುಂದೆಯೇ ಬಾಗಿಲು ದಾಟುತ್ತಿತ್ತು. ಶೂಟಿಂಗ್ ಹುಚ್ಚು ಬೇರೆ. ಅವರದು ಮೂರನೇ ಬೆಂಚು. ಮಾವ ಕೆಲಸಕ್ಕೆ ಸೇರಿದ ವರ್ಷ, ಒಂದೇ ಮರದ ನಾಲ್ಕು ಬೆರಳು ದಪ್ಪದ ಹಲಗೆಯಲ್ಲಿ ಮಾಡಿದ್ದು ಅದು. ಎಲ್ಲೂ ಗಂಟಿಲ್ಲ, ಒಂದು ಜೋಡಣೆ ಇಲ್ಲ. ಮಾವ ಹೋಗುತ್ತ ಬರುತ್ತ ಅದರ ಮೇಲೆ ಒಮ್ಮೆ ಅಂಗೈ ಆಡಿಸುವರು. ನನ್ನ ಹೆಂಡತಿಯ ತಲೆಯ ಮೇಲೆ ಅವರು ಹಾಗೆ ಕೈ ಆಡಿಸಿದ್ದನ್ನು ನಾನಂತೂ ನೋಡಿಲ್ಲ.

ಆ ವರ್ಷ ಅಧ್ಯಕ್ಷರು ಹಡಗಿನಲ್ಲಿ ಹೊಸ ರೆಸ್ಟ್ ತರಿಸಿದರು. ಚೂಪು ಮೊನೆಯ ಮೂರು ಕಾಲು, ತಿರುಪುಗಳು, ನೀರಗುಳ್ಳೆಯ ರಸಮಟ್ಟ. ಇಟ್ಟು ಹೊಡೆದರು. ಐದು ಗುಂಡು ಐದು ದಿಕ್ಕಿಗೆ.

'ಬೆಂಚು ಅಲ್ಲಾಡ್ತಿದೆ ಕಣಯ್ಯಾ,' ಎಂದರು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ಇಲ್ಲಿ ನೆಲ ಡೊಂಕು ಎಂದವರು ಅಧ್ಯಕ್ಷರು, ಆದ್ದರಿಂದ ನೆಲ ಡೊಂಕೇ. ಮಾವ 'ನೋಡ್ತೀನಿ ಸ್ವಾಮಿ' ಎಂದರು.

ನಾಲ್ಕು ತಿಂಗಳು ನೋಡಿದರು. ಕಾಲುಗಳಿಗೆ ಬೆಣೆ ಹೊಡೆದರು. ಅಲ್ಲಾಡಿತು. ಬುಡ ಅಗೆದು ಸಿಮೆಂಟು ಸುರಿದರು. ಅಲ್ಲಾಡಿತು. ಚೀಲದ ಮರಳು ಸುರಿದು, ಬಿಸಿಲಿಗೆ ಒಣಗಿಸಿ, ಜರಡಿ ಹಿಡಿದು, ಕಲ್ಲಿನಂತೆ ಬಿಗಿಯಾಗಿ ತುಂಬಿದರು. ಮುಕ್ಕಾಲಿಯ ಮೊನೆಗಳು ಜಾರದಿರಲೆಂದು ಹಳೇ ಬೀಗದ ಹಿತ್ತಾಳೆಯಿಂದ ಮೂರು ಬಿಲ್ಲೆ ಕತ್ತರಿಸಿ, ನಡುವೆ ಕುಳಿ ಮಾಡಿ, ಕೆಳಗಿಟ್ಟರು. ಊಹೂಂ. ಆಮೇಲೆ ಅಧ್ಯಕ್ಷರ ಅನುಮಾನ ಬೆಂಚು ಬಿಟ್ಟು ಜಗತ್ತಿಗೆಲ್ಲ ಹಬ್ಬಿತು. ಅರ್ಧ ಮೈಲಿ ದೂರದ ರೈಲು ಕಾರಣ. ನಾಲ್ಕನೇ ಬೆಂಚಿನ ದಂತವೈದ್ಯರ ಸೀನು ಕಾರಣ. ನನ್ನ ನಡಿಗೆ ಕಾರಣ. ಅವರು ಗುರಿ ಹಿಡಿದಾಗ ನಾನು ಚಪ್ಪಲಿ ಬಿಟ್ಟು ಒಂದು ಮೂಲೆಯಲ್ಲಿ ಕೂರಬೇಕೆಂದು ಆಜ್ಞೆಯಾಯಿತು, ಕೂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಎಮ್ಮೆ ನಾನೇ.

ಕೊನೆಗೆ ಒಂದು ದಿನ ಅಧ್ಯಕ್ಷರು ಹಿಂಬದಿಯಿಂದ ಬರುತ್ತಿದ್ದ ಬಟ್ಟೆ ಒಗೆಯುವ ಸದ್ದಿಗೆ ಕಿವಿಗೊಟ್ಟು, 'ಅದೇ! ಅದೇ!' ಎಂದರು. ತಾವು ಹೊಡೆಯುವ ಹೊತ್ತಿನಲ್ಲಿ ಬಡಗಿಯ ಹೆಂಡತಿ ಬಟ್ಟೆ ಒಗೆಯಕೂಡದು ಎಂದರು. ಜೊತೆಗೆ ಇನ್ನೊಂದು ಮಾತು.

'ಇನ್ನು ಹದಿನೈದು ದಿನಕ್ಕೆ ಪಂದ್ಯ. ಆ ದಿನ ಬೆಂಚು ಅಲ್ಲಾಡಿದ್ರೆ, ಎಂಟೂ ಕಿತ್ತು ಕಬ್ಬಿಣದ ಟೇಬಲ್ ಹಾಕಿಸ್ತೀನಿ. ಕಬ್ಬಿಣಕ್ಕೆ ಬಡಗಿ ಯಾಕೆ ಬೇಕಯ್ಯಾ? ಕೊಠಡಿ ಸ್ಟೋರ್ ರೂಮಿಗೆ ಆಗುತ್ತೆ.'

ಮಾವ ತಲೆಯಾಡಿಸಿದರು. ಅವರು ದೊಡ್ಡವರೆದುರು ಆಡುತ್ತಿದ್ದ ಭಾಷೆ ಅದೊಂದೇ.

ಅತ್ತೆ ಹಾಗಲ್ಲ. 'ನನ್ನ ಬಟ್ಟೆ ಕಲ್ಲಿನಿಂದ ಅವನ ಗುಂಡು ಹಾರಿಹೋಯ್ತಾ? ನೋಡೇಬಿಡ್ತೀನಿ,' ಎಂದು ಮರುದಿನ ತಾವೇ ಚಹ ಹಿಡಿದುಕೊಂಡು ಬಂದರು. ಅಧ್ಯಕ್ಷರು ಬೆಂಚಿಗೆ ಒರಗಿ ಗುರಿ ಹಿಡಿದಿದ್ದರು. ಅತ್ತೆ ಲೋಟವನ್ನು ಬೆಂಚಿನ ತುದಿಯಲ್ಲಿಟ್ಟು, ಸೆರಗು ಬಾಯಿಗಿಟ್ಟುಕೊಂಡು ನಿಂತರು. ಲೋಟದ ಚಹದಲ್ಲಿ ಸಣ್ಣ ಅಲೆ ಏಳುತ್ತಿತ್ತು. ಅಧ್ಯಕ್ಷರು ಉಸಿರೆಳೆದರೆ ಅಲೆ, ಬಿಟ್ಟರೆ ಇನ್ನೊಂದು ಅಲೆ. ಅವರು ಬೆಂಚು ಬಿಟ್ಟು ಹಿಂದಕ್ಕೆ ವಾಲಿ ಮೂಗು ಒರೆಸಿಕೊಂಡಾಗ ಚಹ ತಣ್ಣಗೆ ನಿಂತಿತು.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಸಿಡಿದರು. 'ಹೊಟ್ಟೆ ರೀ! ಅವನ ಹೊಟ್ಟೆ ಬೆಂಚಿಗೆ ತಾಗುತ್ತೆ! ನಾಲ್ಕು ತಿಂಗಳಿಂದ ಬೆಂಚಿಗೆ ಮದ್ದು ಮಾಡ್ತಿದ್ದೀರಲ್ಲ, ರೋಗ ಇರೋದು ಸ್ಟೂಲ್ ಮೇಲೆ!'

ಮಾವ ಅನ್ನ ಕಲಸುತ್ತ ಮೆಲ್ಲಗೆ, 'ಗೊತ್ತು,' ಎಂದರು.

'ಗೊತ್ತಾ? ಯಾವಾಗಿಂದ?'

'ಮೊದಲನೇ ವಾರದಿಂದ.'

'ಮತ್ತೆ ಸಿಮೆಂಟು ಯಾಕೆ ಸುರಿದ್ರಿ ಮಾವ?' ಎಂದೆ ನಾನು. ಆ ಸಿಮೆಂಟು ಕಲಸಿದವನು ನಾನೇ, ಸೊಂಟ ಇನ್ನೂ ನೋಯುತ್ತಿತ್ತು.

'ಸಿಮೆಂಟು ಸುರಿಯೋದು ಸುಲಭ ಅಳಿಯಂದ್ರೇ. ಹೇಳೋದು ಕಷ್ಟ.'

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕ್ಲಬ್ಬಿನ ನಲವತ್ತು ಸದಸ್ಯರಿಗೂ ಹೊಟ್ಟೆಯ ಸಂಗತಿ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ಕಾರ್ಯದರ್ಶಿಗೆ ಗೊತ್ತಿತ್ತು. ದಂತವೈದ್ಯರಿಗೂ ಗೊತ್ತಿತ್ತು, ಆ ಪುಣ್ಯಾತ್ಮ ಸೀನು ತಡೆದು ತಡೆದು ಮೂಗಿನಲ್ಲಿ ರಕ್ತ ತಂದುಕೊಂಡಿದ್ದ. ಎಲ್ಲರೂ ಸೇರಿ ರೈಲಿಗೆ ಬೈಯುತ್ತಿದ್ದರು.

ಎರಡು ದಿನ ಮಾವ ಮೂರನೇ ಬೆಂಚಿನ ಸುತ್ತಲೇ ತಿರುಗಿದರು. ಮೂರನೆಯ ದಿನ ನನ್ನನ್ನು ಕರೆದು, 'ಹೊಟ್ಟೆ ಕಮ್ಮಿ ಮಾಡೋಕೆ ಆಗಲ್ಲ. ಬೆಂಚು ಕಮ್ಮಿ ಮಾಡಬಹುದು,' ಎಂದರು. ಬೆಂಚಿನ ಹಿಂದಿನ ಅಂಚಿನಲ್ಲಿ ಹೊಟ್ಟೆಯ ಆಕಾರಕ್ಕೆ ಅರ್ಧಚಂದ್ರ ಕೊರೆಯುವುದು, ಹೊಟ್ಟೆ ಅದರೊಳಗೆ ಎಲ್ಲೂ ತಾಗದೆ ಕೂರುವುದು. ಮುಖ್ಯ ಪ್ರಶ್ನೆ, ಅಳತೆ ತೆಗೆದುಕೊಳ್ಳುವುದು ಹೇಗೆ? ಬಿಸ್ಕತ್ತು ಕಾರ್ಖಾನೆಯ ಮಾಲೀಕರ ಬಳಿ ಹೋಗಿ, ಸ್ವಾಮಿ ತಮ್ಮ ಹೊಟ್ಟೆ ಸ್ವಲ್ಪ ಕೊಡ್ತೀರಾ ಎನ್ನಲಾಗುತ್ತದೆಯೇ?

ಮಾವನ ಬಳಿ ಗೆರೆ ಹೊಡೆಯುವ ದಾರವಿತ್ತು, ನೀಲಿ ಪುಡಿ ಸವರಿದ್ದು. ಆ ಪುಡಿಯನ್ನು ಬೆಂಚಿನ ಅಂಚಿಗೆ ಉದ್ದಕ್ಕೂ ತಿಕ್ಕಿಬಿಟ್ಟರು. ಅಧ್ಯಕ್ಷರು ಬಂದರು, ಬಿಳಿ ಷರ್ಟು. ಕೂತರು, ಒರಗಿದರು, ಹೊಡೆದರು, ಬೆಂಚಿಗೆ ಬೈದರು, ಎದ್ದರು. ಹೊಟ್ಟೆಯ ಮೇಲೆ ಎಡದಿಂದ ಬಲಕ್ಕೆ ಒಂದು ನೀಲಿ ಗೆರೆ, ಶಾಲೆಯ ಭೂಪಟದಲ್ಲಿ ಭೂಮಧ್ಯರೇಖೆ ಎಳೆಯುತ್ತಾರಲ್ಲ, ಹಾಗೆ. ಈಗ ಅದನ್ನು ಅಳೆಯಬೇಕಾದವನು ತೂತು ಅಳೆಯುವ ಗುಮಾಸ್ತ.

'ಸಾರ್, ಷರ್ಟಿಗೆ ಏನೋ ಹತ್ತಿದೆ,' ಎಂದು ಹೋಗಿ ಒದ್ದೆ ಬಟ್ಟೆಯಿಂದ ಒಂದು ತುದಿಯಿಂದ ಒರೆಸಲು ಹಿಡಿದೆ. ಎಡಗೈಯಲ್ಲಿ ಬಟ್ಟೆ, ಬಲಗೈಯಲ್ಲಿ ಮಡಿಚಿ ಹಿಡಿದ ಟೇಪು.

'ಏನ್ರೀ ಗುಮಾಸ್ತರೇ, ಕಚಗುಳಿ ಇಡ್ತೀರಾ?' ಎಂದರು.

'ಉದ್ದ ಇದೆ ಸಾರ್ ಗೆರೆ,' ಎಂದೆ. ಸುಳ್ಳಲ್ಲ. ಇಪ್ಪತ್ತಾರು ಅಂಗುಲ. ನನ್ನ ವೃತ್ತಿಜೀವನದಲ್ಲಿ ಅಷ್ಟು ದೊಡ್ಡ ಅಂಕಿ ನಾನು ಬರೆದಿರಲಿಲ್ಲ.

ಮಾವ ಅಂಕಿಯನ್ನು ಹಲಗೆಯ ಮೇಲೆ ಗುರುತು ಮಾಡುತ್ತ, 'ಇದಕ್ಕೆ ಸುತ್ತ ಎರಡು ಬೆರಳು ಸೇರಿಸಬೇಕು,' ಎಂದರು.

'ಅದ್ಯಾಕೆ?'

'ಉಸಿರಿಗೆ. ಎರಡು ಬೆರಳು ಉಸಿರಿಗೆ ಬಿಡಬೇಕು.'

ಪಂದ್ಯದ ಹಿಂದಿನ ಮಧ್ಯಾಹ್ನ ಕೊರೆದರು. ಗೆರೆ ಎಳೆದು, ಗರಗಸ ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟು, ಹೋಗಿ ನೀರು ಕುಡಿದು ಬಂದರು. ಮತ್ತೆ ಎತ್ತಿಕೊಂಡರು. ಮೊದಲ ಹಲ್ಲು ಮರಕ್ಕೆ ಇಳಿದಾಗ, ಗುಂಡಿನ ಸದ್ದಿಗೆ ಮಾಡುವ ಹಾಗೆಯೇ ಕಣ್ಣು ಮುಚ್ಚಿದರು. ನಾನು ತಮಾಷೆ ಮಾಡಲೆಂದು ಬಾಯಿ ತೆರೆದವನು ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆ ಹಲಗೆಗೆ ಇಪ್ಪತ್ತನಾಲ್ಕು ವರ್ಷದಿಂದ ಒಂದು ಗೀರು ಬಿದ್ದಿರಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಅರ್ಧಚಂದ್ರದ ತುಂಡು ನನ್ನ ಕೈಗೆ ಬಿದ್ದಾಗ ಅದರ ಭಾರಕ್ಕೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮಾವ ಅದನ್ನು ಇಸಿದುಕೊಂಡು ಮನೆಗೆ ಒಯ್ದರು. ಅತ್ತೆ ಅದಕ್ಕೆ ಮೂರು ಕಾಲು ಹೊಡೆಸಿ ಕೂರುವ ಮಣೆ ಮಾಡಿಕೊಂಡರು. ಆ ದಿನ ಮಾವ ಊಟ ಮಾಡಲಿಲ್ಲ.

ಅಧ್ಯಕ್ಷರಿಗೆ ಏನು ಹೇಳಬೇಕೆಂದು ನಾನು ಒಳ್ಳೆಯ ಒಂದು ಸುಳ್ಳು ಸಿದ್ಧಮಾಡಿದ್ದೆ. 'ಹೊರದೇಶದ ಹೊಸ ಮಾದರಿ ಸಾರ್, ದೊಡ್ಡ ದೊಡ್ಡ ಕ್ಲಬ್ಬುಗಳಲ್ಲೆಲ್ಲ ಹೀಗೇ.' ಮಾವನಿಗೆ ಮೂರು ಸಲ ಬಾಯಿಪಾಠ ಮಾಡಿಸಿದೆ.

ಪಂದ್ಯದ ದಿನ ಎದುರು ಕ್ಲಬ್ಬಿನವರೂ ನಮ್ಮವರೂ ನೆರೆದಿದ್ದರು. ಅಧ್ಯಕ್ಷರು ಮೂರನೇ ಬೆಂಚಿನ ಹತ್ತಿರ ಬಂದು ನಿಂತರು. ಅರ್ಧಚಂದ್ರ ನೋಡಿದರು, ತಮ್ಮನ್ನು ನೋಡಿಕೊಂಡರು, ಮತ್ತೆ ಅರ್ಧಚಂದ್ರ ನೋಡಿದರು.

'ಏನಯ್ಯಾ ಇದು?'

ನಾನು ಮಾವನಿಗೆ ಕಣ್ಸನ್ನೆ ಮಾಡಿದೆ. ಮಾವ ಕಿವಿಯಿಂದ ಹತ್ತಿ ತೆಗೆದರು. ಮೊದಲು ಒಂದು, ಆಮೇಲೆ ಇನ್ನೊಂದು.

'ನಿಮಗೇ ಮಾಡಿದ್ದು ಸ್ವಾಮಿ. ನಿಮ್ಮ ಹೊಟ್ಟೆ ತಾಗ್ತಿತ್ತು. ಬೆಂಚು ಯಾವತ್ತೂ ಅಲ್ಲಾಡಿಲ್ಲ.'

ಅಯ್ಯೋ ಶಿವನೇ ಎಂದುಕೊಂಡೆ. ಕಾರ್ಯದರ್ಶಿ ಆಕಾಶ ನೋಡಿದರು. ದಂತವೈದ್ಯರು, ಯಾವತ್ತೂ ಸೀನಬಾರದ ಹೊತ್ತಿನಲ್ಲಿ, ಸೀನಿದರು. ಅಧ್ಯಕ್ಷರ ಮುಖ ಕೆಂಪಾಗಿ, ಕಪ್ಪಾಗಿ, ಆಮೇಲೆ ಯಾವ ಬಣ್ಣವೂ ಇಲ್ಲದಂತಾಯಿತು. ಸ್ಟೂಲಿನ ಮೇಲೆ ಕೂತು ಮುಂದೆ ಸರಿದರು. ಹೊಟ್ಟೆ ಅರ್ಧಚಂದ್ರದೊಳಗೆ ಹೋಯಿತು. ಸುತ್ತಲೂ ಎರಡು ಬೆರಳು.

ಐದು ಗುಂಡು. ಕಾಗದ ನನ್ನ ಕೈಗೆ ಬಂದಾಗ ತೂತುಗಳು ಐದೋ ಎರಡೋ ತಿಳಿಯಲಿಲ್ಲ, ಒಂದರೊಳಗೊಂದು ಹೊಕ್ಕಿದ್ದವು. ಮೂರು ಸಲ ಅಳೆದೆ. ನಮ್ಮ ಕ್ಲಬ್ಬು ಗೆದ್ದಿತು. ಅಧ್ಯಕ್ಷರು ಭಾಷಣ ಮಾಡಿ, ಹಡಗಿನಲ್ಲಿ ಬಂದ ರೆಸ್ಟಿಗೆ, ಕಾರ್ಯದರ್ಶಿಗೆ, ಅಂದು ತಡವಾಗಿ ಬಂದ ರೈಲಿಗೆ ಕೂಡ ಕೃತಜ್ಞತೆ ಹೇಳಿದರು. ಮಾವನ ಹೆಸರೆತ್ತಲಿಲ್ಲ.

ಮರುದಿನವೇ ಲಾರಿಯಲ್ಲಿ ಎಂಟು ಕಬ್ಬಿಣದ ಟೇಬಲ್ ಬಂದವು. ಹತ್ತು ದಿನ ಮೊದಲೇ ಹೇಳಿ ಮಾಡಿಸಿದ್ದರಂತೆ! ನನಗೆ ಮೈಯೆಲ್ಲ ಉರಿಯಿತು. ಹಾಗಿದ್ದರೆ ಆ ಹಲಗೆ ಯಾಕೆ ಕೊರೆಸಬೇಕಿತ್ತು? ಮಾವ ಉಳಿಗಳನ್ನು ಗೋಣಿಗೆ ತುಂಬತೊಡಗಿದರು. ನನ್ನ ಹೆಂಡತಿ ನಮ್ಮ ಮನೆಯ ಅರ್ಧ ಕೋಣೆ ಖಾಲಿ ಮಾಡಿದಳು. ಹಳೆಯ ಬೆಂಚುಗಳನ್ನು ಹಿಂದಕ್ಕೆ ಎಸೆದಿದ್ದರು, ಅತ್ತೆ ಮೂರನೆಯದರ ಮೇಲೆ ಬಟ್ಟೆ ಒಣಹಾಕಿದರು.

ಬುಧವಾರ ಅಧ್ಯಕ್ಷರು ಕಬ್ಬಿಣದ ಟೇಬಲ್ಲಿಗೆ ಕೂತರು. ಚೂಪು ಅಂಚು ಹೊಟ್ಟೆಗೆ ಒತ್ತಿತು. ಒಂದು ಗುಂಡು ಹಾರಿಸಿದರೆ ಟೇಬಲ್ ಕೆಳಗೆ ಬಿದ್ದ ಪಾತ್ರೆಯ ಹಾಗೆ ಬಹಳ ಹೊತ್ತು ಕಂಪಿಸುತ್ತಿತ್ತು. ಮೂರು ಗುಂಡಿಗೆ ಅವರಿಗೆ ಸಾಕಾಯಿತು. ಎದ್ದು, ಯಾರನ್ನೂ ಕರೆಯದೆ, ತಾವೇ ಹಿಂಬದಿಗೆ ನಡೆದು ಬಂದರು.

'ನನ್ನ ಬೆಂಚು ಎಲ್ಲಿ?'

ಅತ್ತೆ ಅರ್ಧಚಂದ್ರದ ಮಣೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದವರು ಮೇಲೇಳಲಿಲ್ಲ. 'ಬಟ್ಟೆ ಒಣಗಿದ ಮೇಲೆ ತಗೊಂಡು ಹೋಗಿ,' ಎಂದರು.

ಅಧ್ಯಕ್ಷರು ಬಟ್ಟೆ ಒಣಗುವ ತನಕ ಅಲ್ಲೇ ಬಿಸಿಲಲ್ಲಿ ನಿಂತರು ಎಂದು ಅತ್ತೆ ಹೇಳುತ್ತಾರೆ. ಅಷ್ಟು ಹೊತ್ತು ನಿಂತಿರಲಾರರು. ಆದರೆ ಬೆಂಚು ಮಾತ್ರ ವಾಪಸು ಹೋಯಿತು. ಏಳು ಕಬ್ಬಿಣ, ಒಂದು ಮರ. ಮರ ಇದ್ದ ಮೇಲೆ ಬಡಗಿ ಇರಬೇಕು, ಬಡಗಿ ಇದ್ದ ಮೇಲೆ ಕೊಠಡಿ ಇರಬೇಕು. ಒಟ್ಟಿನಲ್ಲಿ ಮಾವನ ನೆಲೆ ಅಧ್ಯಕ್ಷರ ಹೊಟ್ಟೆಯ ಮೇಲೆ ನಿಂತಿತು.

ಇದನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡವರು ಅತ್ತೆ. ಆ ವಾರದಿಂದಲೇ ಅಧ್ಯಕ್ಷರಿಗೆ ಚಹದ ಜೊತೆ ಏನಾದರೂ ಕರಿದದ್ದು ಹೋಗತೊಡಗಿತು. ಬೆಣ್ಣೆ ಹಾಕಿದ್ದು, ಸಕ್ಕರೆ ಸುರಿದದ್ದು. 'ಪಾಪ, ಬೆಳಗ್ಗೆಯಿಂದ ಗುರಿ ಹಿಡಿದು ಸೊರಗಿದ್ದೀರಿ,' ಎನ್ನುವರು. ಅವರು ಒಂದು ತಿಂದರೆ ಇನ್ನೊಂದು ಹಾಕುವರು. ಅಳಿಯನಾದ ನನಗೆ ಅಂಥ ಉಪಚಾರ ಒಂದು ದಿನ ಸಿಕ್ಕಿದ್ದಿಲ್ಲ.

'ಅತ್ತೆ, ನನಗೆ?' ಎಂದು ಒಮ್ಮೆ ಕೇಳಿಯೂಬಿಟ್ಟೆ.

'ನಿಮ್ಮ ಹೊಟ್ಟೆಯಿಂದ ಯಾರಿಗೇನು ಲಾಭ?' ಎಂದರು.

ಹೀಗೆ ಆರು ವರ್ಷ ನಡೆಯಿತು. ಮಾವನಿಗೂ ಅಧ್ಯಕ್ಷರಿಗೂ ನಡುವೆ ಪಂದ್ಯದ ದಿನದ ಮಾತು ಮತ್ತೆ ಬರಲಿಲ್ಲ. ಆದರೆ ಅಧ್ಯಕ್ಷರು ಪ್ರತಿ ಸಲ ಕೂತೊಡನೆ ಹೊಟ್ಟೆಗೂ ಮರಕ್ಕೂ ನಡುವೆ ಎರಡು ಬೆರಳು ತೂರಿಸಿ ನೋಡುವರು, ಮಾವನ ಕಡೆ ತಿರುಗುವರು, ಮಾವ ತಲೆಯಾಡಿಸುವರು. ಹಾಗೆ ಕೂತರೆ ಹೆಗಲು ಪ್ರತಿ ಸಲ ಒಂದೇ ಜಾಗಕ್ಕೆ ಬರುತ್ತಿತ್ತು, ಗುಂಡೂ ಒಂದೇ ಜಾಗಕ್ಕೆ ಹೋಗುತ್ತಿತ್ತು.

ಏಳನೆಯ ವರ್ಷ ಒಂದು ಬೆಳಗ್ಗೆ ಎರಡು ಬೆರಳಿನ ಜಾಗದಲ್ಲಿ ಮೂರು ಬೆರಳು ಹೋಯಿತು. ಅವರು ಕೈ ತೆಗೆದು, ಏನೂ ಆಗದವರಂತೆ ಹೊಡೆದರು. ಗುಂಡು ಚದರಿತು. ಮಾವ ನೋಡಿದರು, ನಾನೂ ನೋಡಿದೆ.

ಅತ್ತೆ ತಿಂಡಿ ಹೆಚ್ಚಿಸಿದರು. ತಟ್ಟೆ ಹೇಗೆ ಹೋಯಿತೋ ಹಾಗೇ ವಾಪಸು ಬರತೊಡಗಿತು. ಅಧ್ಯಕ್ಷರು ಆಸ್ಪತ್ರೆಗೆ ಹೋಗಿ ಬರುತ್ತಿದ್ದರು, ಯಾರಿಗೂ ಹೇಳಿರಲಿಲ್ಲ. ಷರ್ಟಿನ ಕತ್ತು ದೊಗಳೆಯಾಯಿತು. ಕ್ಲಬ್ಬಿನ ನಲವತ್ತು ಜನರೂ, 'ಸಾರ್, ವಾಕಿಂಗ್ ಮಾಡ್ತಿದ್ದೀರಾ? ಚೆನ್ನಾಗಿ ಕಾಣ್ತೀರಿ!' ಎನ್ನುತ್ತಿದ್ದರು. ಆ ಬಾಯಿಗಳು ಬದಲಾಗುವುದಿಲ್ಲ ಬಿಡಿ. ಕಾರ್ಯದರ್ಶಿ ನನ್ನ ಕಿವಿಯಲ್ಲಿ, 'ಹೊಟ್ಟೆ ಇಳೀತಲ್ಲ, ಇನ್ನು ಆ ಹಳೇ ಬೆಂಚು ಯಾಕೆ? ಕಬ್ಬಿಣದ್ದು ಸಾಕು,' ಎಂದರು.

ಮಾವನಿಗೆ ಅದನ್ನು ಹೇಳಿದೆ. ಅವರು ಸಂಜೆ ಅತ್ತೆಯನ್ನು ಮಣೆಯ ಮೇಲಿಂದ ಎಬ್ಬಿಸಿದರು. ಮಣೆಯ ಕಾಲು ಕಿತ್ತರು. ಬಾಗಿದ ಅಂಚಿನಿಂದ ಒಂದು ಬೆರಳು ದಪ್ಪದ ಪಟ್ಟಿಯನ್ನು ಅದೇ ಬಾಗಿಗೆ ಸಣ್ಣ ಗರಗಸದಲ್ಲಿ ಕುಯ್ದು, ಬೆಂಚಿನ ಅರ್ಧಚಂದ್ರದ ಒಳಕ್ಕೆ ಅಂಟಿಸಿ, ಹತ್ತರಿ ಹೊಡೆದು ನುಣುಪು ಮಾಡಿದರು. ಅದೇ ಮರ, ಅದೇ ಎಳೆ. ಎಲ್ಲಿಂದ ಹೋಗಿತ್ತೋ ಅಲ್ಲಿಗೇ ಬಂದು ಕೂತಿತು. ಬೆರಳಾಡಿಸಿದರೂ ಗೆರೆ ಸಿಗುತ್ತಿರಲಿಲ್ಲ. ಮಾರನೆಯ ದಿನ ಅಧ್ಯಕ್ಷರು ಬೆರಳು ತೂರಿಸಿದರು. ಎರಡು. ಮಾವನ ಕಡೆ ತಿರುಗಿದರು. ಮಾವ ತಲೆಯಾಡಿಸಿದರು.

ಕೊಠಡಿ ಉಳಿಸಿಕೊಳ್ಳಲು ಹಾಗೆ ಮಾಡಿದರು ಎಂದು ನಾನು ಹೇಳಿದೆ. 'ಥೂ, ನಿಮ್ಮ ಬುದ್ಧಿಗಿಷ್ಟು!' ಎಂದರು ಅತ್ತೆ. ಮೊದಲನೆಯ ಪಟ್ಟಿಯ ಮಟ್ಟಿಗೆ ನನ್ನ ಮಾತು ನಿಜವೇ ಇರಬೇಕು.

ತಿಂಗಳಿಗೊಂದು ಪಟ್ಟಿ. ಅಧ್ಯಕ್ಷರು ಒಂದು ಬೆರಳು ಇಳಿದರೆ ಬೆಂಚು ಒಂದು ಬೆರಳು ಬೆಳೆಯುವುದು, ಅತ್ತೆಯ ಮಣೆ ಒಂದು ಬೆರಳು ಸಣ್ಣದಾಗುವುದು. ಐದನೆಯ ಪಟ್ಟಿಯ ಹೊತ್ತಿಗೆ ಅತ್ತೆ ಅದರ ಮೇಲೆ ಕೂರುವುದನ್ನು ಬಿಟ್ಟು ಗೋಡೆಗೆ ಒರಗಿಸಿಟ್ಟರು. ಒಂದು ದಿನ ಅದನ್ನೇ ನೋಡುತ್ತ, 'ರೀ, ಈ ಮರ ಮುಗಿಯೋದ್ರೊಳಗೆ ಆ ಮನುಷ್ಯ ಹುಷಾರಾಗಲಿ,' ಎಂದರು. ಬಾಯಿತುಂಬ ಅವನು ಇವನು ಎನ್ನುತ್ತಿದ್ದವರು ಮನುಷ್ಯ ಎಂದದ್ದು ಅಂದೇ ಮೊದಲು.

ಆ ವರ್ಷದ ಪಂದ್ಯಕ್ಕೆ ಅಧ್ಯಕ್ಷರು ಕಾರಿನಿಂದ ಇಬ್ಬರ ಹೆಗಲು ಹಿಡಿದು ಬಂದರು. ಬೆಂಚಿಗೆ ಕೂತರು. ಎರಡು ಬೆರಳು ತೂರಿಸಿದರು. ಆಮೇಲೆ ಕೈಯನ್ನು ತೆಗೆಯದೆ ಮರದ ಅಂಚಿನುದ್ದಕ್ಕೂ ಮೆಲ್ಲಗೆ ಸವರಿದರು.

'ಎಷ್ಟು ಪಟ್ಟಿ ಹಾಕಿದ್ದೀಯಯ್ಯಾ?'

ಮಾವ ಹತ್ತಿ ತೆಗೆದರು. 'ಏಳು ಸ್ವಾಮಿ. ನಿಮಗೆ ಯಾವಾಗ ಗೊತ್ತಾಯ್ತು?'

'ಮೊದಲನೇ ಪಟ್ಟಿಯಿಂದ.' ಅಧ್ಯಕ್ಷರು ನಕ್ಕರು. ಮುಖದಲ್ಲಿ ನಗುವಿಗೆ ಬೇಕಾದಷ್ಟು ಮಾಂಸ ಉಳಿದಿರಲಿಲ್ಲ. 'ಆವತ್ತು ಎಲ್ಲರ ಮುಂದೆ ಹೇಳ್ದೆ. ಈಗ ಯಾಕೆ ಹೇಳ್ಲಿಲ್ಲ?'

'ಆವತ್ತು ಬೆಂಚಿನ ಮಾನ ಹೋಗ್ತಿತ್ತು ಸ್ವಾಮಿ. ಈಗ ಬೆಂಚಿಗೇನೂ ಆಗಿಲ್ಲ.'

ಅಧ್ಯಕ್ಷರು ಬೆಂಚನ್ನು ಅಂಗೈಯಿಂದ ಒಮ್ಮೆ ಒತ್ತಿ ನೋಡಿದರು. 'ಅಲ್ಲಾಡ್ತಾ ಇಲ್ಲ ಕಣಯ್ಯಾ,' ಎಂದು ಹೇಳಿ ಬಂದೂಕಿಗೆ ಕೆನ್ನೆ ಕೊಟ್ಟರು. ಮಾವ ಆ ದಿನ ಐದು ಗುಂಡಿಗೂ ಕಣ್ಣು ಮುಚ್ಚಲಿಲ್ಲ, ಹತ್ತಿಯನ್ನೂ ಇಟ್ಟುಕೊಳ್ಳಲಿಲ್ಲ. ಗೆದ್ದೆವೋ ಸೋತೆವೋ ಕೇಳಬೇಡಿ. ಸೋತೆವು. ಆದರೆ ಅಧ್ಯಕ್ಷರ ಐದು ತೂತು ನಾನು ಅಳೆದೆ, ಒಂದು ಬಟಾಣಿ ಮುಚ್ಚುವಷ್ಟು ಇತ್ತು.

ಎರಡು ತಿಂಗಳಿಗೆ ಅಧ್ಯಕ್ಷರು ಹೋಗಿಬಿಟ್ಟರು. ಮಣ್ಣು ಮಾಡಿ ಬಂದ ಮರುದಿನ ಕಾರ್ಯದರ್ಶಿ ಒಂದು ಸ್ಟೋರ್ ರೂಮಿನ ಕನಸು ಹೊತ್ತು ನನ್ನ ಮೇಜಿಗೆ ಬಂದರು. ನಾನು ನಡಾವಳಿ ಪುಸ್ತಕ ತೆರೆದು ತೋರಿಸಿದೆ. ಆ ಕೊನೆಯ ಪಂದ್ಯದ ದಿನವೇ ಅಧ್ಯಕ್ಷರು ನನ್ನ ಕೈಯಲ್ಲಿ ಬರೆಸಿ, ಸಹಿ ಹಾಕಿ, ಸಭೆಯ ನಲವತ್ತು ಜನರಿಂದ ಒಪ್ಪಿಗೆ ಹಾಕಿಸಿದ್ದರು. ಅವರಿಗೆ ಯಾರು ಯಾವತ್ತು ಇಲ್ಲ ಎಂದಿದ್ದರು! 'ಮೂರನೇ ಬೆಂಚನ್ನು ತೆಗೆಯಕೂಡದು. ಅದನ್ನು ನೋಡಿಕೊಳ್ಳುವ ಬಡಗಿಯೂ ಅವನ ಹೆಂಡತಿಯೂ ಬದುಕಿರುವ ತನಕ ಕೊಠಡಿ ಅವರದು. ಬಟ್ಟೆ ಯಾವ ಹೊತ್ತಿನಲ್ಲಿ ಬೇಕಾದರೂ ಒಗೆಯತಕ್ಕದ್ದು.' ಕಾರ್ಯದರ್ಶಿ ಎರಡು ಸಲ ಓದಿ ಹೊರಟುಹೋದರು.

ಅದನ್ನು ಹೇಳಲೆಂದು ನಾನು ಹಿಂಬದಿಗೆ ಓಡಿದೆ. ಮಾವ ಅಡುಗೆಮನೆಯಲ್ಲಿ ನೆಲದ ಮೇಲೆ ಮಲಗಿ ಊಟದ ಮೇಜಿನ ಕೆಳಗೆ ತಲೆ ಹಾಕಿದ್ದರು. ಅರ್ಧಚಂದ್ರದಲ್ಲಿ ಉಳಿದಿದ್ದದ್ದು ಅಂಗೈಯಷ್ಟು ತುಂಡು. ಅದನ್ನು ಚೂಪಾಗಿ ಸೀಳಿ ಮೇಜಿನ ಕಾಲಿಗೆ ಬೆಣೆ ಹೊಡೆಯುತ್ತಿದ್ದರು. ಹೊಡೆದು, ಎದ್ದು, ಕೈ ಒರೆಸಿಕೊಂಡು, ಮೇಜನ್ನು ಒಮ್ಮೆ ಒತ್ತಿ ನೋಡಿದರು.

ಅತ್ತೆ ಚಹದ ಲೋಟ ತಂದು ಮೇಜಿನ ತುದಿಯಲ್ಲಿಟ್ಟರು. ಅಧ್ಯಕ್ಷರಿಗೆ ಕೊಡುತ್ತಿದ್ದ ಲೋಟವೇ. ನಾವು ಮೂವರೂ ಬಗ್ಗಿ ನೋಡಿದೆವು. ಚಹ ಅಲ್ಲಾಡಲಿಲ್ಲ.

'ಮೂವತ್ತು ವರ್ಷಕ್ಕೆ ಸರಿಹೋಯ್ತು ನೋಡಿ,' ಎಂದರು ಅತ್ತೆ. ಆಮೇಲೆ ಆ ಮೇಜಿನ ಮೇಲೆ ಎರಡೂ ಮೊಣಕೈ ಊರಿ, ಮುಖ ಮುಚ್ಚಿಕೊಂಡು, ಜೋರಾಗಿ ಅತ್ತರು. ಮಾವ ಹತ್ತಿ ಹಾಕಿಕೊಳ್ಳದೆ ಪಕ್ಕದಲ್ಲಿ ಕೂತರು.